ಬಿರುದಿನ ವಾದವೂ ಮಂಡಿಯ ನೋವೂ

2025ನೆಯ ಇಸವಿಯ ಸೆಪ್ಟೆಂಬರ್ 9ರಂದು ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದಿಂದ ಭಾರತೀಯ ವೈದ್ಯಕೀಯ ಸಂಘಕ್ಕೆ ಒಂದು ಪತ್ರ ಹೊರಟಿತು. ಫಿಸಿಯೋಥೆರಪಿಸ್ಟರು ತಮ್ಮ ಹೆಸರಿಗೆ ಮೊದಲು ‘ಡಾಕ್ಟರ್’ ಎಂಬ ಬಿರುದನ್ನು ಇರಿಸಿಕೊಳ್ಳತಕ್ಕದ್ದಲ್ಲ, ಅದರಿಂದ ರೋಗಿಗಳಿಗೆ ಭ್ರಾಂತಿಯುಂಟಾಗುತ್ತದೆ ಎಂಬುದು ಅದರ ತಾತ್ಪರ್ಯ. ವಿಷಯವನ್ನು ಇನ್ನಷ್ಟು ಪರಿಶೀಲಿಸಬೇಕಾಗಿದೆಯೆಂದು ಹೇಳಿ, ಅದೇ ಕಚೇರಿ ಮರುದಿನವೇ ಆ ಪತ್ರವನ್ನು ಹಿಂತೆಗೆದುಕೊಂಡಿತು. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಪ್ರಕಟವಾದ ಫಿಸಿಯೋಥೆರಪಿಯ ಹೊಸ ಪಠ್ಯಕ್ರಮವು, ಹೆಸರಿನ ಕೊನೆಯಲ್ಲಿ ‘ಪಿ.ಟಿ.’ ಎಂದು ಸೇರಿಸುವ ನಿಬಂಧನೆಯೊಡನೆ, ಅದೇ ಬಿರುದಿಗೆ ಒಪ್ಪಿಗೆಯಿತ್ತಿದ್ದುದರಿಂದ, ಸರ್ಕಾರದ ಬಲಗೈ ಬರೆದುದನ್ನು ಎಡಗೈ ಅಳಿಸಿ, ಮತ್ತೆ ಎಡಗೈಯೇ ತಿದ್ದಿದಂತಾಯಿತು. ವೈದ್ಯರ ಸಂಘಗಳೂ ಫಿಸಿಯೋಥೆರಪಿಸ್ಟರ ಸಂಘಗಳೂ ಆ ಎರಡು ದಿನಗಳಲ್ಲಿ ಹೊರಡಿಸಿದ ಹೇಳಿಕೆಗಳ ಆವೇಶವನ್ನು ನೋಡಿದವರಿಗೆ, ಈ ವೃತ್ತಿಯ ಮುಂದಿರುವ ಪರಮ ಪ್ರಶ್ನೆ ಇದೊಂದೇ ಏನೋ ಎಂದು ತೋರಿದ್ದರೆ ಆಶ್ಚರ್ಯವಿಲ್ಲ.

ಈ ವಾದದಲ್ಲಿ ನ್ಯಾಯ ಯಾವ ಕಡೆಗಿದೆಯೆಂಬುದನ್ನು ಮುಂದೆ ವಿಚಾರಿಸೋಣ. ಅದಕ್ಕೆ ಮೊದಲು, ಯಾರ ಮೈನೋವಿನ ಹೆಸರಿನಲ್ಲಿ ಈ ವಾದ ನಡೆದಿದೆಯೋ ಅವರನ್ನು ನೋಡಿ ಬರುವುದು ಲೇಸು. ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ತುದಿಯಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡಂತೆ ಇರುವ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಸಿದ್ದಾಪುರವೆಂಬ ಗ್ರಾಮವುಂಟು. ಮಳೆ ಅಲ್ಪ, ಕಲ್ಲು ಬಹಳ. ಈ ಸೀಮೆಯ ದುಡಿಮೆಗಳೆಲ್ಲ ದೇಹವನ್ನು ಒಂದೊಂದು ರೀತಿಯಲ್ಲಿ ಬಗ್ಗಿಸುವಂಥವು. ರೇಷ್ಮೆಯ ಸೀರೆಗೆ ಹೆಸರಾದ ಮೊಳಕಾಲ್ಮೂರಿನ ನೇಕಾರನು ಗುಂಡಿಮಗ್ಗದೊಳಗೆ ಕಾಲುಗಳನ್ನು ಇಳಿಬಿಟ್ಟು, ಬೆನ್ನನ್ನು ಮುಂದಕ್ಕೆ ಬಾಗಿಸಿ, ಒಂದು ಕೈಯಿಂದ ಲಾಳಿಯ ಹಗ್ಗವನ್ನು ಎಳೆಯುತ್ತ, ಇನ್ನೊಂದು ಕೈಯಿಂದ ಹಲಗೆಯನ್ನು ಬಡಿಯುತ್ತ, ಸೂರ್ಯೋದಯದಿಂದ ದೀಪ ಹೊತ್ತಿಸುವವರೆಗೆ ಕುಳಿತಿರುತ್ತಾನೆ. ಶೇಂಗಾದ ಸುಗ್ಗಿಯಲ್ಲಿ ಹೆಂಗಸರು ಕುಕ್ಕರಗಾಲಿನಲ್ಲಿ ಕುಳಿತು ಗಿಡ ಕಿತ್ತು, ಕಾಯಿ ಬಿಡಿಸಿ, ಹೊರೆ ಹೊತ್ತು ಮನೆಗೆ ಬರುತ್ತಾರೆ. ಚಳ್ಳಕೆರೆಯ ಎಣ್ಣೆಯ ಗಿರಣಿಗಳಲ್ಲಿ ಹಮಾಲಿಗಳು ಮೂಟೆಯನ್ನು ಬೆನ್ನಿಗೆ ಏರಿಸುತ್ತಾರೆ. ಕುರಿಗಾಹಿಗಳು ಕಲ್ಲುನೆಲದ ಮೇಲೆ ಹಗಲೆಲ್ಲ ನಡೆಯುತ್ತಾರೆ. ನಲವತ್ತು ದಾಟುವ ಹೊತ್ತಿಗೆ ಇಂಥವರಲ್ಲಿ ಸೊಂಟ ಹಿಡಿಯದವರೂ ಮಂಡಿ ಚಿಪ್ಪು ಸವೆದಿದೆಯೆನ್ನದವರೂ ವಿರಳ.

ಆಗ ಇವರು ಮಾಡುವುದೇನು? ಮೊದಲು ಮನೆಯ ಶಾಖ, ಹರಳೆಣ್ಣೆ. ಅದರಿಂದ ಗುಣವಾಗದಿದ್ದರೆ ಔಷಧಿ ಅಂಗಡಿಯ ನೋವಿನ ಮಾತ್ರೆ. ಉಳುಕಿದ್ದರೆ ಹಿಂದೆ ಗರಡಿಮನೆಯ ಉಸ್ತಾದರು ನೀವಿ ಸರಿಮಾಡುತ್ತಿದ್ದರು. ಮೂಳೆ ಮುರಿದರೆ ನಾಟಿವೈದ್ಯರ ಪಟ್ಟು, ಇಲ್ಲವೆ ಗಡಿಯಾಚೆಯ ಸೀಮೆಯಿಂದ ಹಬ್ಬಿರುವ ‘ಪುತ್ತೂರು ಕಟ್ಟು’. ಕಟ್ಟು ಬಿಚ್ಚಿದ ಮೇಲೆ ಮೊಣಕೈ ಮಡಚದೆ ಕೋಲಿನಂತೆ ನಿಂತುಬಿಟ್ಟರೆ ಅದು ಹಣೆಬರಹದ ಖಾತೆಗೆ ಸೇರುತ್ತದೆ. ಪಟ್ಟಣಕ್ಕೆ ಹೋಗಿ ಬಂದವರು ‘ಕರೆಂಟ್ ಇಡಿಸಿಕೊಂಡು ಬಂದೆ’ ಎನ್ನುತ್ತಾರೆ. ಫಿಸಿಯೋಥೆರಪಿಯೆಂದರೆ ಬಹುಮಂದಿಗೆ ತಿಳಿದಿರುವುದು ಅಷ್ಟೆ: ನೋವಿರುವೆಡೆಯಲ್ಲಿ ಜುಮುಜುಮುಗುಟ್ಟುವ ಎರಡು ಪಟ್ಟಿಗಳು, ಹತ್ತು ಹದಿನೈದು ನಿಮಿಷ, ಕೊಡಬೇಕಾದ ಹಣ. ಇದು ಜನರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಅವರಿಗೆ ಆ ವೃತ್ತಿ ಕಾಣಿಸಿಕೊಂಡಿರುವುದೇ ಆ ರೂಪದಲ್ಲಿ.

ವಸ್ತುತಃ ಈ ವಿದ್ಯೆಯ ಪ್ರಾಣವಿರುವುದು ಯಂತ್ರದಲ್ಲಲ್ಲ, ಚಲನೆಯಲ್ಲಿ. 1813ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಪೆರ್ ಹೆನ್ರಿಕ್ ಲಿಂಗ್ ಎಂಬಾತ ಅಂಗಸಾಧನೆಯ ರಾಜಾಶ್ರಿತ ವಿದ್ಯಾಲಯವನ್ನು ಸ್ಥಾಪಿಸಿದುದರಿಂದ ಇದರ ಆಧುನಿಕ ಚರಿತ್ರೆಯನ್ನು ಎಣಿಸುವುದು ವಾಡಿಕೆ. 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ದಾದಿಯರು, ಅಂಗಮರ್ದನವೆಂಬ ಹೆಸರಿನಲ್ಲಿ ನಡೆಯುತ್ತಿದ್ದ ಅಪಚಾರಗಳಿಂದ ತಮ್ಮ ವೃತ್ತಿಯ ಮಾನವನ್ನು ಉಳಿಸಿಕೊಳ್ಳುವುದಕ್ಕಾಗಿ, ಸಂಘವೊಂದನ್ನು ಕಟ್ಟಿದರು. ಬಿರುದಿನ ಚಿಂತೆ ಈ ವೃತ್ತಿಗೆ ಹುಟ್ಟಿನಿಂದಲೇ ಬಂದದ್ದೆಂಬುದಕ್ಕೆ ಅದೊಂದು ಸಾಕ್ಷಿ. ಮೊದಲನೆಯ ಮಹಾಯುದ್ಧದ ಗಾಯಾಳುಗಳೂ, ಆ ಬಳಿಕ ಪೋಲಿಯೋ ರೋಗವೂ ಇದನ್ನು ದೇಶದೇಶಗಳಿಗೆ ಹರಡಿದುವು. ನಮ್ಮಲ್ಲಿಯೂ ಹಾಗೆಯೇ: 1950ರ ದಶಕದ ಆದಿಯಲ್ಲಿ, ಪೋಲಿಯೋಪೀಡಿತರಾದ ಮಕ್ಕಳಿಗಾಗಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲ ಶಾಲೆ ಆರಂಭವಾಯಿತು. 1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟರ ಸಂಘ ಹುಟ್ಟಿತು. ಬೆಂಗಳೂರಿನಲ್ಲಿ 1959ರಲ್ಲಿ, ಸ್ವತಃ ಪೋಲಿಯೋ ಪೀಡಿತರಾಗಿದ್ದ ಎನ್. ಎಸ್. ಹೇಮಾ ಅವರು ಅಂಗವಿಕಲರಿಗಾಗಿ ಸ್ಥಾಪಿಸಿದ ಸಂಸ್ಥೆಯನ್ನು ಕನ್ನಡಿಗರು ಈ ಸಂದರ್ಭದಲ್ಲಿ ಸ್ಮರಿಸತಕ್ಕದ್ದು. ಮುಂದೆ 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆದರೆ ಪೋಲಿಯೋ ಕರೆತಂದ ವಿದ್ಯೆಗೆ ಕೆಲಸ ಕಡಮೆಯಾಗಲಿಲ್ಲ. ಆಯುಸ್ಸು ಬೆಳೆದಂತೆ ಲಕ್ವ, ಮಧುಮೇಹ, ಸಂಧಿವಾತ, ಬಿದ್ದು ತೊಡೆಮೂಳೆ ಮುರಿದ ಮುಪ್ಪು, ಇವೆಲ್ಲ ಆ ಸ್ಥಾನವನ್ನು ತುಂಬಿದುವು.

ಇಲ್ಲಿ ಒಂದು ಮಾತನ್ನು, ವಿಷಯದಿಂದ ಸ್ವಲ್ಪ ಸರಿದು, ಹೇಳಬೇಕೆನ್ನಿಸುತ್ತದೆ. ಸಿದ್ದಾಪುರವನ್ನು ಲೋಕ ಬಲ್ಲುದು ಬೇರೊಂದು ಕಾರಣದಿಂದ. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿಯೂ, ಹತ್ತಿರದ ಬ್ರಹ್ಮಗಿರಿ ಮತ್ತು ಜಟಿಂಗರಾಮೇಶ್ವರ ಬೆಟ್ಟಗಳಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದರು. ಆ ಶಾಸನದ ಸಾರಗಳಲ್ಲೊಂದು, ಉನ್ನತವಾದ ಫಲವು ದೊಡ್ಡವರಿಗೆ ಮಾತ್ರ ಮೀಸಲಾದುದಲ್ಲ, ಸಾಮಾನ್ಯನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲನು ಎಂಬುದು. ಚಕ್ರವರ್ತಿ ಹೇಳಿದುದು ಧರ್ಮವನ್ನು ಕುರಿತು. ಅದನ್ನು ಮೊಣಕಾಲಿಗೆ ಎಳೆದು ತರುವುದು ಅತಿಪ್ರಸಂಗವೆಂದು ಪಂಡಿತರು ಮುನಿಯಬಹುದು. ಆದರೂ, ಔಷಧವನ್ನು ನುಂಗಿ ಸುಮ್ಮನಿದ್ದರೆ ಸಾಲದು, ಶಸ್ತ್ರವೈದ್ಯನ ಕೈಗೆ ಮೈಯನ್ನು ಒಪ್ಪಿಸಿ ಮಲಗಿದರೂ ಸಾಲದು, ರೋಗಿಯೇ ನಿತ್ಯವೂ ಅಷ್ಟಷ್ಟು ಪ್ರಯತ್ನಪಟ್ಟು ತನ್ನ ಅಂಗವನ್ನು ತಾನೇ ಮರಳಿ ಪಡೆಯಬೇಕೆಂದು ಹೇಳುವ ಚಿಕಿತ್ಸೆ ಇದೊಂದೆಂಬುದನ್ನು ನೆನೆದಾಗ, ಆ ಬಂಡೆಯ ನೆನಪು ತಾನಾಗಿ ಬರುತ್ತದೆ.

ಈ ಪ್ರಯತ್ನವಾದಕ್ಕೆ ಈಚಿನ ನಲವತ್ತು ವರ್ಷಗಳ ಸಂಶೋಧನೆ ಒದಗಿಸಿರುವ ಬೆಂಬಲ ಕಡಮೆಯದಲ್ಲ. ಸೊಂಟನೋವಿಗೆ ವಾರಗಟ್ಟಲೆ ಹಾಸಿಗೆ ಹಿಡಿದಿರಬೇಕೆಂಬುದು ಒಂದು ಕಾಲದ ವೈದ್ಯೋಕ್ತಿ. 1986ರಲ್ಲಿ ಅಮೆರಿಕದ ರಿಚರ್ಡ್ ಡೆಯೋ ಮತ್ತು ಸಂಗಡಿಗರು 203 ಮಂದಿ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ದಿನದ, ಇನ್ನೊಂದಕ್ಕೆ ಏಳು ದಿನದ ವಿಶ್ರಾಂತಿಯನ್ನು ವಿಧಿಸಿದರು. ಗುಣವಾಗುವುದರಲ್ಲಿ ಭೇದ ಕಾಣಲಿಲ್ಲ, ಎರಡು ದಿನದವರು ಮಾತ್ರ ಕೆಲಸಕ್ಕೆ ಬಹಳ ಬೇಗ ಹಿಂದಿರುಗಿದ್ದರು. ಕೂಲಿಯೇ ಊಟವಾಗಿರುವ ಸೀಮೆಯಲ್ಲಿ ಈ ವ್ಯತ್ಯಾಸವೆಂದರೇನೆಂದು ವಿವರಿಸಬೇಕಾಗಿಲ್ಲ.

ಸ್ಕ್ಯಾನಿಂಗಿನ ಭೀತಿಯೂ ಇಂಥದೇ. ‘ಡಿಸ್ಕ್ ಜರುಗಿದೆ, ಸವೆದಿದೆ’ ಎಂದು ಬರೆದ ಕಾಗದವೊಂದು ಕೈಗೆ ಬಂದೊಡನೆ, ಅದುವರೆಗೆ ನೋವಿನೊಡನೆಯೇ ಗೇಯುತ್ತಿದ್ದವನು ಬಗ್ಗುವುದಕ್ಕೂ ಹೆದರತೊಡಗುತ್ತಾನೆ. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಬೆನ್ನುನೋವೇ ಇಲ್ಲದ 3110 ಮಂದಿಯ ಚಿತ್ರಗಳನ್ನು ಕೂಡಿಸಿ ನೋಡಿ, ಇಪ್ಪತ್ತು ವಯಸ್ಸಿನವರಲ್ಲಿ ಶೇಕಡ 37, ಎಂಬತ್ತರವರಲ್ಲಿ ಶೇಕಡ 96 ಮಂದಿಯ ಡಿಸ್ಕುಗಳಲ್ಲಿ ಸವೆತವಿರುವುದಾಗಿ ತಿಳಿಸಿತು. ತಲೆ ನರೆಯುವಂತೆ ಬೆನ್ನಿನೊಳಗೂ ನರೆಯುವುದುಂಟು. ಎಲ್ಲ ಸವೆತವೂ ನೋವಲ್ಲ. ಕಾಲು ಶಕ್ತಿಗುಂದುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರ, ಬಿದ್ದ ಪೆಟ್ಟು, ಇಂಥವಿದ್ದರೆ ವಿಳಂಬವಿಲ್ಲದೆ ವೈದ್ಯರಲ್ಲಿಗೆ ಹೋಗಲೇಬೇಕು. ಅವಿಲ್ಲದ ನೋವಿನಲ್ಲಿ ಆ ಕಾಗದಕ್ಕೆ ಅಷ್ಟು ಮರ್ಯಾದೆ ಕೊಡಬೇಕಾದುದಿಲ್ಲ.

ಹಾಗಾದರೆ ‘ಕರೆಂಟ್’? ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವನ್ನು ಕುರಿತು ಹೊರಡಿಸಿದ ಮಾರ್ಗಸೂಚಿಯಲ್ಲಿ, ಚರ್ಮದ ಮೇಲೆ ವಿದ್ಯುತ್ತು ಹಾಯಿಸುವ ಚಿಕಿತ್ಸೆ, ಅಲ್ಟ್ರಾಸೌಂಡ್ ಚಿಕಿತ್ಸೆ, ಸೊಂಟವನ್ನು ಎಳೆದು ಕಟ್ಟುವ ಟ್ರಾಕ್ಷನ್, ಸೊಂಟದ ಬೆಲ್ಟು, ಇವನ್ನು ನಿತ್ಯಕ್ರಮವಾಗಿ ಬಳಸಬಾರದೆಂದು ಹೇಳಿ, ತಿಳುವಳಿಕೆ ಕೊಡುವುದು, ವ್ಯಾಯಾಮ ಮೊದಲಾದುವನ್ನು ಎತ್ತಿಹಿಡಿದಿದೆ. 2020ರಲ್ಲಿ ಪ್ರಪಂಚದಲ್ಲಿ 61 ಕೋಟಿಗೂ ಹೆಚ್ಚು ಮಂದಿಗೆ ಸೊಂಟನೋವಿತ್ತೆಂಬ ಅಂದಾಜಿರುವುದರಿಂದ ಇದು ಸಣ್ಣ ಮಾತಲ್ಲ. 2024ರಲ್ಲಿ ಆಸ್ಟ್ರೇಲಿಯದಿಂದ ಬಂದ ಪರೀಕ್ಷೆಯೊಂದು ಇನ್ನೂ ಸರಳವಾದುದು: ಸೊಂಟನೋವಿನಿಂದ ಚೇತರಿಸಿಕೊಂಡ 701 ಮಂದಿಯಲ್ಲಿ ಒಂದು ಗುಂಪಿಗೆ ಫಿಸಿಯೋಥೆರಪಿಸ್ಟರು ನಡಿಗೆಯನ್ನು ಕ್ರಮವಾಗಿ ಹೆಚ್ಚಿಸುತ್ತ ಹೋಗುವ ಬಗೆಯನ್ನೂ ನೋವಿನ ಸ್ವರೂಪವನ್ನೂ ತಿಳಿಸಿಕೊಟ್ಟರು. ಇನ್ನೊಂದು ಗುಂಪಿಗೆ, ಮಧ್ಯಾಂಕದ ಲೆಕ್ಕದಲ್ಲಿ, 112 ದಿನಗಳಿಗೆ ಮರುಕಳಿಸಿದ ನೋವು ಇವರಿಗೆ ಮರುಕಳಿಸಿದುದು 208 ದಿನಗಳಿಗೆ. ಹಗಲೆಲ್ಲ ನಡೆಯುವ ಕುರಿಗಾಹಿಗೆ ಈ ಉಪದೇಶ ಬೇಕಿಲ್ಲವೆಂಬುದು ನಿಜ. ಮಗ್ಗದ ಗುಂಡಿಯಲ್ಲಿ ಕುಳಿತವನಿಗೆ ಬೇಕು. ಯಾರಿಗೆ ಯಾವುದು, ಎಷ್ಟು, ಎಂಬುದನ್ನು ಮೈಯನ್ನು ಮುಟ್ಟಿ ಪರೀಕ್ಷಿಸಿ ನಿರ್ಣಯಿಸುವ ವಿವೇಕವೇ ಈ ವೃತ್ತಿಯ ಬೆಲೆ. ಯಂತ್ರಕ್ಕೆ ಒಪ್ಪಿಸಿ ಆಚೆಯ ಕೋಣೆಗೆ ಹೋಗಿ ಕುಳಿತುಕೊಳ್ಳುವ ಫಿಸಿಯೋಥೆರಪಿಸ್ಟರು, ತಮಗೆ ಸಲ್ಲಬೇಕಾದ ಗೌರವವನ್ನು ತಾವೇ ಕಡಮೆ ಮಾಡಿಕೊಳ್ಳುತ್ತಿದ್ದಾರೆ.

ಲಕ್ವದ ವಿಚಾರ ಇದಕ್ಕಿಂತ ಕಠಿನ. ಎದ್ದು ನಡೆಯುವುದನ್ನು ಮತ್ತೆ ಕಲಿಯಬೇಕಾದವನಿಗೆ ತಿಂಗಳುಗಟ್ಟಲೆ ತರಬೇತಾದ ಕೈಯ ಆಸರೆ ಬೇಕು. ಆ ಕೈಗಳು ನಮ್ಮಲ್ಲಿ ವಿರಳ. ಹಾಗಿದ್ದ ಮೇಲೆ ಮನೆಯವರಿಗೇ ಈ ವಿದ್ಯೆಯನ್ನು ಕಲಿಸಿಬಿಟ್ಟರೆ ಹೇಗೆ ಎಂಬ ಯೋಚನೆ ಸಹಜವಾಗಿಯೇ ಹುಟ್ಟಿತು. ಭಾರತದ 14 ಆಸ್ಪತ್ರೆಗಳಲ್ಲಿ 1250 ಮಂದಿ ಲಕ್ವರೋಗಿಗಳನ್ನು ಒಳಗೊಂಡು ನಡೆದ ‘ಅಟೆಂಡ್’ ಎಂಬ ಪರೀಕ್ಷೆ, ಅರ್ಧದಷ್ಟು ರೋಗಿಗಳ ಮನೆಯವರಿಗೆ ಆಸ್ಪತ್ರೆಯಲ್ಲಿಯೇ ಶಿಕ್ಷಣವಿತ್ತು, ಬಳಿಕ ಮನೆಯಲ್ಲಿಯೂ ಎರಡು ತಿಂಗಳವರೆಗೆ ಅದನ್ನು ಮುಂದುವರಿಸಿತು. ಉಳಿದವರಿಗೆ ಆಯಾ ಆಸ್ಪತ್ರೆಯ ವಾಡಿಕೆಯ ಚಿಕಿತ್ಸೆ. ಆರು ತಿಂಗಳಿಗೆ ನೋಡಿದರೆ, ಮೃತಪಟ್ಟವರೂ ಪರಾಧೀನರಾಗಿ ಉಳಿದವರೂ ಸೇರಿ ಈ ಗುಂಪಿನಲ್ಲಿ ಶೇಕಡ 47, ಆ ಗುಂಪಿನಲ್ಲಿಯೂ ಶೇಕಡ 47. 2017ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಅನೇಕರಿಗೆ ನಿರಾಶೆಯಾಯಿತು. ಮನೆಯವರ ಅಕ್ಕರೆಗೆ ಬೆಲೆಯಿಲ್ಲವೆಂದು ಇದರಿಂದ ಸಾಧಿಸುವುದು ಅನ್ಯಾಯ. ಮಗ್ಗುಲು ಹೊರಳಿಸಿ, ಹುಣ್ಣಾಗದಂತೆ ಕಾದು, ಅನ್ನ ತಿನ್ನಿಸುವವರು ಅವರೇ. ಆದರೆ ಮಗನಿಗೋ ಸೊಸೆಗೋ ನಾಲ್ಕು ಪಾಠ ಹೇಳಿಕೊಟ್ಟು ಸರ್ಕಾರವು ತನ್ನ ಹೊಣೆಯಿಂದ ನುಣುಚಿಕೊಳ್ಳಬಹುದೆಂಬ ಅಗ್ಗದ ಉಪಾಯಕ್ಕೆ ಇದರಲ್ಲಿ ಆಧಾರ ದೊರೆಯಲಿಲ್ಲವೆಂಬುದು ಸ್ಪಷ್ಟ. ಅತ್ಯುತ್ಸಾಹಕ್ಕೂ ಇಂಥದೇ ಎಚ್ಚರಿಕೆ ದೊರೆತಿದೆ: ಲಕ್ವವಾದ ಇಪ್ಪತ್ತನಾಲ್ಕು ಗಂಟೆಗಳೊಳಗೆ ರೋಗಿಯನ್ನು ಎಬ್ಬಿಸಿ ಹೆಚ್ಚು ಹೆಚ್ಚಾಗಿ ನಡೆದಾಡಿಸಿದರೆ ಹಿತವೋ ಎಂದು ಐದು ದೇಶಗಳಲ್ಲಿ 2104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಚೆನ್ನಾಗಿ ಚೇತರಿಸಿಕೊಂಡವರ ಪ್ರಮಾಣ ಹೆಚ್ಚುವುದಕ್ಕೆ ಬದಲಾಗಿ ಶೇಕಡ 50ರಿಂದ 46ಕ್ಕೆ ಇಳಿದಿತ್ತು. ಚಲನೆಗೂ ಕಾಲವುಂಟು, ಮಾತ್ರೆಯುಂಟು.

ಈ ಸೀಮೆಗೇ ವಿಶಿಷ್ಟವಾದ ಇನ್ನೊಂದು ಸಂಕಟವುಂಟು. ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡಗಳ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹಲವೆಡೆ ಮಿತಿಮೀರಿದೆ, ಲೀಟರಿಗೆ 1.5 ಮಿಲಿಗ್ರಾಮ್ ದಾಟಬಾರದೆಂಬುದು ನಿಯಮ. ವರ್ಷಾನುಗಟ್ಟಲೆ ಅದನ್ನು ಕುಡಿದವರ ಹಲ್ಲು ಕಂದುಗಟ್ಟುವುದು ಕಣ್ಣಿಗೆ ಕಾಣುವ ಭಾಗ. ಬೆನ್ನೆಲುಬೂ ಕುತ್ತಿಗೆಯೂ ಮಂಡಿಯೂ ಬಿಗಿದು, ಬಗ್ಗಲಾರದೆ ತಿರುಗಲಾರದೆ ಹೋಗುವುದು ನಿಧಾನವಾಗಿ ಬರುವ ಭಾಗ. 1937ರಷ್ಟು ಹಿಂದೆಯೇ ಅಂದಿನ ಮದ್ರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಇದನ್ನು ಗುರುತಿಸಿ ಬರೆದಿದ್ದರು. ಹೀಗೆ ಬಿಗಿದ ಸಂಧಿಯನ್ನು ವ್ಯಾಯಾಮವು ಮೊದಲಿನಂತೆ ಮಾಡಲಾರದು, ಉಳಿದಿರುವ ಚಲನೆಯನ್ನು ಕಾಪಾಡಬಹುದು, ಬೀಳದಂತೆ ನಡೆಯುವುದನ್ನು ಕಲಿಸಬಹುದು, ಅಷ್ಟೆ. ಇಲ್ಲಿ ಮೊದಲ ಔಷಧ ನೀರು. ತುಂಗಭದ್ರೆಯ ಹಿನ್ನೀರನ್ನು ಈ ತಾಲ್ಲೂಕುಗಳಿಗೆ ತರುವ ಯೋಜನೆಯ ಕೊಳವೆಗಳು ಪ್ರತಿಯೊಂದು ಹಟ್ಟಿಗೂ ಮುಟ್ಟುವುದು ಇಲ್ಲಿನ ಮೂಳೆಗಳ ಪಾಲಿಗೆ ಯಾವ ಆಸ್ಪತ್ರೆಗಿಂತಲೂ ದೊಡ್ಡ ಉಪಕಾರ.

ಇನ್ನು ಬಿರುದಿನ ಮಾತು. 2021ರ ಮಾರ್ಚ್ 28ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆರೋಗ್ಯವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯು, ಫಿಸಿಯೋಥೆರಪಿಸ್ಟನು ಕನಿಷ್ಠ ಸ್ನಾತಕ ಪದವಿಯನ್ನು ಪಡೆದಿರಬೇಕೆಂದೂ, ಸ್ವತಂತ್ರವಾಗಿ ಆಗಲಿ ಇತರರೊಡನೆ ಕೂಡಿ ಆಗಲಿ ವೃತ್ತಿ ನಡೆಸಬಹುದೆಂದೂ ಹೇಳಿದೆ. ಬಿರುದಿಗಿಂತ ಸಾವಿರಪಾಲು ಮುಖ್ಯವಾದ ಗೌರವ ಇದು. ಆ ಕಾಯಿದೆಯಂತೆ ರಾಜ್ಯಗಳು ತಮ್ಮ ಪರಿಷತ್ತುಗಳನ್ನು ರಚಿಸುವುದರಲ್ಲಿ ತೋರಿದ ಔದಾಸೀನ್ಯವನ್ನು ಕಂಡು 2024ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಎರಡು ತಿಂಗಳ ಗಡುವು ವಿಧಿಸಬೇಕಾಯಿತು. ಇಂಜೆಕ್ಷನ್ ಕೊಡಬಲ್ಲ ಕಾಂಪೌಂಡರನನ್ನೂ ‘ಡಾಕ್ಟ್ರೇ’ ಎಂದು ಕರೆಯುವ ನಮ್ಮ ಹಳ್ಳಿಗಳಲ್ಲಿ ಭ್ರಾಂತಿಯನ್ನು ಹುಟ್ಟಿಸುವುದಕ್ಕೆ ಫಿಸಿಯೋಥೆರಪಿಸ್ಟರೇ ಬರಬೇಕಾಗಿರಲಿಲ್ಲ. ನನ್ನ ಮಟ್ಟಿಗೆ, ಅವರು ಬಿರುದನ್ನು ಇರಿಸಿಕೊಳ್ಳಲಿ. ಆದರೆ ಫಲಕದ ಮೇಲೆ ಅದಕ್ಕಿಂತ ದಪ್ಪನಾದ ಕನ್ನಡ ಅಕ್ಷರಗಳಲ್ಲಿ ‘ಫಿಸಿಯೋಥೆರಪಿಸ್ಟ್’ ಎಂದು ಬರೆಯಿಸಲಿ. ಪದವಿಯಿಲ್ಲದೆ, ಆರು ತಿಂಗಳ ಸರ್ಟಿಫಿಕೇಟು ಹಿಡಿದು ಯಂತ್ರ ಕೊಂಡು ಕುಳಿತವರ ವಿಚಾರ ಬೇರೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ವ್ಯಾಪ್ತಿಗೆ ಫಿಸಿಯೋಥೆರಪಿ ಕೇಂದ್ರಗಳೂ ಸೇರಿರುವುದರಿಂದ, ಅಂಥವರನ್ನು ವಿಚಾರಿಸುವ ಅಧಿಕಾರ ಜಿಲ್ಲೆಯಲ್ಲಿಯೇ ಇದೆ.

ತರುಣರ ಅಳಲು ಬಿರುದಿಗಿಂತ ಆಳವಾದುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳಿಂದ, ಬಹುಮಟ್ಟಿಗೆ ಖಾಸಗಿಯವುಗಳಿಂದ, ವರ್ಷವರ್ಷವೂ ಪದವೀಧರರು ಹೊರಬರುತ್ತಾರೆ. ನಾಲ್ಕೂವರೆ ವರ್ಷವಾಗಿದ್ದ ವ್ಯಾಸಂಗ ಹೊಸ ಪಠ್ಯಕ್ರಮದಲ್ಲಿ ಐದು ವರ್ಷವಾಗಿದೆ. ಇಷ್ಟು ಓದಿಸಿದ ತಂದೆತಾಯಿಗಳು, ಮಗಳ ಮೊದಲ ಸಂಬಳವನ್ನು ಕೇಳಿ ಮೌನವಾಗುವುದು ನಾನು ಬಲ್ಲ ಮನೆಗಳಲ್ಲಿ ಅಪರೂಪವಲ್ಲ. ಆದುದರಿಂದ ಬ್ರಿಟನ್ನಿನ ನೋಂದಣಿ, ಅಮೆರಿಕದ ಲೈಸೆನ್ಸ್ ಪರೀಕ್ಷೆ, ಕೊಲ್ಲಿ ರಾಷ್ಟ್ರಗಳ ಪರವಾನಗಿ, ಇವೇ ತರುಣರ ಮಾತುಕತೆಯ ವಿಷಯ. ಹೋಗಲಾರದವರಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆ, ಜಿಮ್ಮು, ಮನೆಮನೆಗೆ ಹೋಗಿ ಮಾಡುವ ಚಿಕಿತ್ಸೆ. ಅವರನ್ನು ದೂರುವುದು ಸುಲಭ. ಆದರೆ ಹುದ್ದೆಯನ್ನೇ ಸೃಷ್ಟಿಸದ ತಾಲ್ಲೂಕಿಗೆ ತ್ಯಾಗಬುದ್ಧಿಯಿಂದ ಬನ್ನಿರೆಂದು ಯಾವ ಮುಖದಿಂದ ಕರೆಯುವುದು?

ಕಾಗದದ ಮೇಲೆ ಏನೂ ಇಲ್ಲವೆಂದಲ್ಲ. 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾಸ್ಪತ್ರೆಯಲ್ಲಿ ಫಿಸಿಯೋಥೆರಪಿ ಘಟಕವನ್ನೂ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಪುನರ್ವಸತಿಯ ಕಾರ್ಯಕರ್ತನನ್ನೂ ನಿರೀಕ್ಷಿಸುತ್ತದೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಶಿಕ್ಷಣ ಇಲಾಖೆಯ ಮೂಲಕ ಫಿಸಿಯೋಥೆರಪಿ ಒದಗಿಸುವ ಏರ್ಪಾಡುಂಟು. ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯತಿಗಳಲ್ಲಿ ಇದ್ದಾರೆ. ಇವೆಲ್ಲ ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಕಡತಗಳು. ಸಿದ್ದಾಪುರದ ಲಕ್ವರೋಗಿಗೆ ಬೇಕಾದುದು ವಾರಕ್ಕೆ ಎರಡು ಮೂರು ಬಾರಿ, ತಿಂಗಳುಗಳ ಕಾಲ, ಒಂದೇ ಕೈ. ಚಿತ್ರದುರ್ಗಕ್ಕೋ ಬಳ್ಳಾರಿಗೋ ಅವನನ್ನು ಬಸ್ಸಿಗೆ ಏರಿಸಿ ಇಳಿಸುವುದರಲ್ಲಿ ಒಂದು ಹಗಲೂ ಇಬ್ಬರ ಕೂಲಿಯೂ ಹೋಗುತ್ತವೆ. ಮೂರನೆಯ ಬಾರಿಗೆ ಮನೆಯವರು ಸುಮ್ಮನಾಗುತ್ತಾರೆ. ಅವರ ತಪ್ಪೇನೂ ಅಲ್ಲ. ಚಳ್ಳಕೆರೆಯ ಕಾವಲುಗಳಲ್ಲಿ ಚಾಲಕನಿಲ್ಲದ ವಿಮಾನಗಳನ್ನು ಪರೀಕ್ಷಿಸುವ ರಕ್ಷಣಾ ಕೇಂದ್ರವನ್ನೂ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವನ್ನೂ ಸ್ಥಾಪಿಸಬಲ್ಲ ದೇಶಕ್ಕೆ, ಅದೇ ತಾಲ್ಲೂಕುಗಳಲ್ಲಿ ಮಡಚದ ಮೊಣಕಾಲೊಂದನ್ನು ಮಡಚಿಸುವವರನ್ನು ನೇಮಿಸುವುದು ಅಶಕ್ಯವೆಂದು ನಂಬುವುದು ಕಷ್ಟ.

ಬೇಕಾದುದು ಇಷ್ಟು: ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ಪೂರ್ಣಾವಧಿಯ, ಮರ್ಯಾದೆಯ ವೇತನದ ಫಿಸಿಯೋಥೆರಪಿಸ್ಟರು; ವಾರದ ಗೊತ್ತಾದ ದಿನಗಳಲ್ಲಿ ಹೋಬಳಿಯ ಆರೋಗ್ಯ ಕೇಂದ್ರಕ್ಕೆ ಅವರ ಭೇಟಿ; ನಡುವಣ ದಿನಗಳಲ್ಲಿ ಅವರ ಸೂಚನೆಯಂತೆ ಮನೆಗೆ ಹೋಗಿ ನೋಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಓದುಗರಲ್ಲಿ ಈ ಸೀಮೆಯವರಿದ್ದರೆ ಅವರಲ್ಲಿ ಎರಡು ಬಿನ್ನಹ. ನಿಮ್ಮ ಮನೆಯವರನ್ನು ಲಕ್ವದ ಬಳಿಕವೋ ಮೂಳೆ ಮುರಿತದ ಬಳಿಕವೋ ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ, ಮಾತ್ರೆಯ ಚೀಟಿಯೊಡನೆ ವ್ಯಾಯಾಮದ ಚೀಟಿಯನ್ನೂ, ಮತ್ತೆ ತೋರಿಸಬೇಕಾದ ದಿನವನ್ನೂ ಕೇಳಿ ಬರೆಯಿಸಿಕೊಳ್ಳಿರಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ನೀರಿನ ಬೇಡಿಕೆಗಳ ಕೆಳಗೆ, ತಾಲ್ಲೂಕು ಆಸ್ಪತ್ರೆಗೆ ಫಿಸಿಯೋಥೆರಪಿಸ್ಟರ ಹುದ್ದೆ ಬೇಕೆಂಬ ಸಾಲೊಂದನ್ನು ನಡವಳಿಯ ಪುಸ್ತಕದಲ್ಲಿ ಸೇರಿಸಿ, ಅದರ ನಕಲನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ನಿಮ್ಮ ಶಾಸಕರಿಗೂ ಕಳುಹಿಸಿರಿ.